ಅರ್ಧ ಚಮಚ ಉಪ್ಪು

"ಕುಡೀರಿ ಮೇಡಂ. ನಿಮ್ಮ ಬ್ಲಾಗಲ್ಲಿ ಬರೆದಿರೋ ಅಳತೇಲೇ ಮಾಡಿ ತಂದಿದ್ದೀನಿ."

ಶಿಲ್ಪಶ್ರೀ ತಬ್ಬಿಬ್ಬಾಗಿ ಎದುರಿಗೆ ನಿಂತವನನ್ನು ನೋಡಿದಳು. ಬಾಚಣಿಗೆ ಕಾಣದ ಗುಂಗುರು ಕೂದಲು, ಮಡಿಸಿದ ತೋಳು, ಕೈಯಲ್ಲೊಂದು ಸ್ಟೀಲ್ ಲೋಟ. ಯಾರಿವನು?

ಎರಡು ಸಾವಿರದ ಎಂಟರ ಜನವರಿಯ ಒಂದು ಭಾನುವಾರ. ಮೈಸೂರಿನ ಕನ್ನಡ ಬ್ಲಾಗಿಗರು ಮೊದಲ ಬಾರಿಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸೇರಿದ್ದರು. ಒಟ್ಟು ಹನ್ನೊಂದು ಜನ. ವರ್ಷಗಟ್ಟಲೆ ಪರದೆಯ ಮೇಲೆ ಜಗಳವಾಡಿದ್ದರೂ ಒಬ್ಬರ ಮುಖ ಇನ್ನೊಬ್ಬರು ಕಂಡಿರಲಿಲ್ಲ. ಹಾಗಾಗಿ ಎಲ್ಲರೂ ತಮ್ಮ ಬ್ಲಾಗಿನ ಹೆಸರನ್ನು ಚೀಟಿಯಲ್ಲಿ ಬರೆದು ಎದೆಗೆ ಚುಚ್ಚಿಕೊಂಡಿದ್ದರು.

ಅವಳ ಚೀಟಿಯಲ್ಲಿ 'ಸೂಕ್ಷ್ಮದರ್ಶಕ' ಎಂದಿತ್ತು. ಹಗಲು ಚಾಮರಾಜಪುರಂನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಸಂಜೆಯಾದರೆ ಜ್ವರ, ಲಸಿಕೆ, ಬ್ಯಾಕ್ಟೀರಿಯಾಗಳ ಬಗ್ಗೆ ಎಲ್ಲರಿಗೂ ತಿಳಿಯುವಂತೆ ಬ್ಲಾಗ್ ಬರೆಯುವುದು.

ಅವನ ಚೀಟಿ ಓದಿದಳು. 'ಅಳತೆಗೋಲು'!

ಓಹೋ... ಇವನೇನಾ! ಎರಡು ವರ್ಷದಿಂದ ಪ್ರತಿ ಬರಹದ ಕೆಳಗೂ 'ಆಧಾರ ಎಲ್ಲಿ?' ಎಂದು ಕೇಳಿ ಪ್ರಾಣ ಹಿಂಡಿದವನು!

ಹೋದ ವಾರವಷ್ಟೇ ಅವಳು ಭೇದಿಯಾದ ಮಕ್ಕಳಿಗೆ ಕುಡಿಸುವ ಸಕ್ಕರೆ-ಉಪ್ಪಿನ ನೀರಿನ ಬಗ್ಗೆ ಬರೆದಿದ್ದಳು. ಅದರಲ್ಲೂ ಕೊಂಕು ಹುಡುಕಿರಬೇಕು. ಹಿಂಜರಿದರೆ ಹೆದರಿದಳು ಅಂದುಕೊಳ್ಳುತ್ತಾನೆ... ಲೋಟ ಕಿತ್ತುಕೊಂಡು ದೊಡ್ಡ ಗುಟುಕನ್ನೇ ಕುಡಿದುಬಿಟ್ಟಳು.

"ಥೂ!"

ಉಪ್ಪೋ ಉಪ್ಪು! ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅವನೊಬ್ಬ ನಗಲಿಲ್ಲ.

"ಭೇದಿ ಆಗಿರೋ ಮಗೂಗೆ ಇದನ್ನ ಕುಡಿಸಿದ್ರೆ ಏನಾಗ್ತದೆ? ನಾಲ್ಕು ಸಲ ಕಾಮೆಂಟ್ ಹಾಕಿದೆ. ಒಂದನ್ನೂ ನೀವು ಪ್ರಕಟಿಸಲಿಲ್ಲ. ಹಿನಕಲ್ ಅಂಗನವಾಡಿ ಗೋಡೆ ಮೇಲೆ ಈ ಅಳತೆ ಬರೆದು ಹಾಕವ್ರೆ, ಗೊತ್ತಾ? ಅದನ್ನ ನಾನು..."

"ಸಾಕು ನಿಲ್ಸಿ!" ಅವಳ ಕಣ್ಣು ತುಂಬಿತ್ತು. "ಎಲ್ಲರ ಮುಂದೆ ಹಿಂಗೆ ಮರ್ಯಾದೆ ತೆಗೀಬೇಕಿತ್ತೇನ್ರೀ?"

ತಿಂಡಿಯನ್ನೂ ಮುಟ್ಟದೆ ಹೊರಟೇಬಿಟ್ಟಳು.

ಮನೆಗೆ ಬಂದು ಬ್ಲಾಗ್ ತೆರೆದು, ತಾನು ನೋಡಿ ಬರೆದಿದ್ದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಅಳತೆ ಹೋಲಿಸಿದಳು. ಪುಸ್ತಕದಲ್ಲಿದ್ದದ್ದು ಲೀಟರ್ ನೀರಿನ ಅಳತೆ. ಲೀಟರ್ ಅಳೆಯೋಕೆ ಎಲ್ಲರ ಮನೇಲಿ ಏನಿರುತ್ತೆ ಎಂದುಕೊಂಡು ಲೋಟದ ಲೆಕ್ಕಕ್ಕೆ ಇಳಿಸಿದ್ದಳು. ಆರು ಚಮಚ ಸಕ್ಕರೆಯನ್ನು ಒಂದು ಮಾಡಿದವಳು ಉಪ್ಪನ್ನು ಮಾತ್ರ ಅರ್ಧ ಚಮಚವಾಗಿಯೇ ಬಿಟ್ಟಿದ್ದಳು!

ಆ ನಾಲ್ಕು ಕಾಮೆಂಟು? ಅವನ ಕಾಟ ತಾಳಲಾರದೆ, ತಾನು ಒಪ್ಪಿದರಷ್ಟೇ ಕಾಮೆಂಟು ಕಾಣುವಂತೆ ಮಾಡಿದ್ದಳು. 'ಅಳತೆಗೋಲು' ಎಂಬ ಹೆಸರು ಕಂಡರೆ ತೆರೆದೂ ನೋಡುತ್ತಿರಲಿಲ್ಲ.

ಅವಮಾನ, ಭಯ, ಸಿಟ್ಟು... ಎಲ್ಲ ಒಟ್ಟಿಗೇ ನುಗ್ಗಿ, ಇಡೀ ಬರಹವನ್ನೇ ಅಳಿಸಿಹಾಕಿದಳು.

ಹಿಂದೆ ನಿಂತು ನೋಡುತ್ತಿದ್ದ ತಂಗಿ ಅಕ್ಷತಾ, "ಅಳಿಸ್ಬುಟ್ಯಾ ಅಕ್ಕ?" ಎಂದಳು.

"ಇನ್ನೇನು ಮಾಡ್ಲಿ?"

"ತಪ್ಪನ್ನ ಅಳಿಸಬಾರದು, ಅದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದು ಬರೀಬೇಕು, ತೋರಿಸಿದವರ ಹೆಸರು ಹಾಕ್ಬೇಕು, ವಿಜ್ಞಾನ ಬರೆಯೋ ಬ್ಲಾಗಿಗರ ರೂಢಿ ಅದು ಅಂತ ನಂಗೆ ಭಾಷಣ ಬಿಗೀತಿದ್ದೆ. ಈಗಾಗ್ಲೇ ಬರ್ಕೊಂಡು ಹೋದೋರಿಗೆ ಅದು ತಪ್ಪು ಅಂತ ಹೆಂಗೆ ಗೊತ್ತಾಗ್ಬೇಕು?"

ಹಿನಕಲ್ ಅಂಗನವಾಡಿಯ ಗೋಡೆ ಶಿಲ್ಪಶ್ರೀಯ ಕಣ್ಣ ಮುಂದೆ ಬಂದು ನಿಂತಿತು. ಯಾವ ಮಗುವಾದರೂ ಕುಡಿದಿದ್ದರೆ...?

ಮರುದಿನ ಲ್ಯಾಬಿಗೆ ರಜೆ ಹಾಕಿ ಹಿನಕಲ್ ಬಸ್ಸು ಹತ್ತಿದಳು.

ಅಂಗನವಾಡಿಯ ತುಂಬ ಉಪ್ಪಿಟ್ಟಿನ ವಾಸನೆ, ಮಕ್ಕಳ ಗಲಾಟೆ. ಗೋಡೆಯ ಮೇಲೆ ಅವಳ ಬರಹವನ್ನು ನೀಲಿ ಶಾಯಿಯಲ್ಲಿ ಬರೆದ ಹಾಳೆ. ಹತ್ತಿರ ಹೋದವಳು ಅಲ್ಲೇ ನಿಂತಳು.

ತಪ್ಪು ಸಾಲಿನ ಮೇಲೆ ಕೆಂಪು ಗೆರೆ. ಒಂದೇ ಗೆರೆ, ಕೆಳಗಿನ ಅಕ್ಷರ ಇನ್ನೂ ಓದುವಂತಿತ್ತು. ಪಕ್ಕದಲ್ಲಿ: 'ಸರಿಯಾದದ್ದು: ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.' ಕೆಳಗಿದ್ದ 'ಕೃಪೆ: ಸೂಕ್ಷ್ಮದರ್ಶಕ' ಎಂಬುದನ್ನು ಯಾರೂ ಅಳಿಸಿರಲಿಲ್ಲ.

"ಯಾರ್ ಬೇಕಿತ್ತವ್ವ?" ಸೌಟು ಹಿಡಿದೇ ಬಂದರು ಟೀಚರ್ ಚಾಮುಂಡಮ್ಮ.

"ಅಮ್ಮಾ... ಅದನ್ನ ಬರೆದೋಳು ನಾನೇ. ಯಾವ ಮಗೂಗಾದ್ರೂ ಕುಡಿಸಿದ್ರಾ?"

"ಅಯ್ಯೋ, ಇಲ್ಲ ಕಣವ್ವ! ನಾನು ರುಚಿ ನೋಡ್ದೆ ಮಕ್ಕಳಿಗೆ ಒಂದು ತೊಟ್ಟೂ ಕೊಡಾಕಿಲ್ಲ. ಬಾಯ್ಗಾಕ್ಕೊಂಡೆ, ಉಗ್ದೆ. ಆಮೇಲೆ ನನ್ ಮಗನ್ನ ಕೂರಿಸ್ಕೊಂಡು ಬೈದೆ!"

"ನಿಮ್ಮ ಮಗನ್ನ ಯಾಕೆ?"

"ಅದನ್ನ ಅಚ್ಚು ಹಾಕಿಸ್ಕೊಂಡು ಬಂದು ಕೊಟ್ಟೋನು ಅವ್ನೇ ಅಲ್ವಾ! ಚೆಲುವರಾಜು ಅಂತ, ಫಾರ್ಮಸಿ ಕಾಲೇಜಲ್ಲಿ ಮೇಷ್ಟ್ರು. ನೀನು ಬರ್ದಿದ್ದೆಲ್ಲ ತತ್ತಾನೆ." ಬೀರುವಿನಿಂದ ಹಾಳೆಗಳ ದಪ್ಪನೆಯ ಕಟ್ಟೊಂದನ್ನು ತೆಗೆದು ತೋರಿಸಿದರು. "'ಇವ್ರು ಬರ್ದವ್ರೆ ಅಂದ್ರೆ ಸರಿಯಾಗೇ ಇರ್ತದೆ, ಗೋಡೆಗೆ ಹಾಕವ್ವ' ಅಂದ. ಅವ್ನು ಓದೇ ಇರ್ನಿಲ್ವಂತೆ! ನಾನು ಬೈದ್ಮೇಲೆ ಓಡ್ಬಂದು ತಿದ್ದಿದ."

ಅಂದರೆ... ಕೆರೆ ಏರಿಯಲ್ಲಿ 'ಅದನ್ನ ನಾನು...' ಎಂದು ಏನೋ ಹೇಳಹೊರಟಿದ್ದ ಅಳತೆಗೋಲು! ಕೊಂಕು ಹುಡುಕುವವನು ಎಂದುಕೊಂಡಿದ್ದವನು ತನ್ನ ಒಂದೊಂದು ಬರಹವನ್ನೂ ಹೀಗೆ ಕಟ್ಟಿಟ್ಟಿದ್ದಾನೆ!

ಅಂದು ಸಂಜೆ ಅಳಿಸಿದ ಬರಹವನ್ನು ಮತ್ತೆ ಹಾಕಿದಳು. ತಪ್ಪು ಸಾಲಿನ ಮೇಲೆ ಗೆರೆ ಎಳೆದು, ಸರಿಯಾದ ಅಳತೆ ಸೇರಿಸಿ, ಕೆಳಗೆ ಬರೆದಳು: 'ತಪ್ಪು ನನ್ನದು. ತೋರಿಸಿಕೊಟ್ಟವರು ಅಳತೆಗೋಲು. ಅವರ ನಾಲ್ಕು ಕಾಮೆಂಟುಗಳನ್ನು ತಡವಾಗಿ ಪ್ರಕಟಿಸುತ್ತಿದ್ದೇನೆ. ಕ್ಷಮಿಸಿ.'

ಆಗಲೇ ಅವುಗಳನ್ನು ಓದಿದ್ದು. ಮೊದಲ ಮೂರರಲ್ಲಿ ಉಪ್ಪಿನ ಲೆಕ್ಕ. ನಾಲ್ಕನೆಯದರಲ್ಲಿ ಎರಡೇ ಸಾಲು: 'ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ.'

ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಐದನೆಯದು ಬಂತು: 'ಕ್ಷಮೆ ಕೇಳಬೇಕಾದವನು ನಾನು. ಭಾನುವಾರ ಬೆಳಿಗ್ಗೆ ಅದೇ ಕೆರೆ ಏರಿ. ಬರುತ್ತೀರಾ?'

ಹೋಗದೇ ಇರುತ್ತಾಳೆಯೇ!

ಏರಿಯ ಮೇಲೊಂದು ಕಲ್ಲು ಬೆಂಚು, ಅವನ ಕೈಯಲ್ಲಿ ಅದೇ ಸ್ಟೀಲ್ ಲೋಟ.

"ಮತ್ತೆ ಉಪ್ಪು ನೀರಾ?" ಎಂದಳು.

"ಕಾಫಿ ಕಣ್ರೀ. ಅವ್ವ ಫ್ಲಾಸ್ಕಲ್ಲಿ ಹಾಕಿ ಕಳಿಸವ್ಳೆ." ಚೆಲುವರಾಜು ನೆಲ ನೋಡುತ್ತ ಹೇಳಿದ. "ಅವತ್ತು ಕೋಪ ಇದ್ದದ್ದು ನನ್ನ ಮೇಲೇನೆ. ನಿಮ್ಮ ಮೇಲೆ ತೀರಿಸ್ಕೊಂಡೆ, ಅದೂ ಎಲ್ಲರ ಮುಂದೆ. ತಪ್ಪಾಯ್ತು. ಇನ್ನೊಂದು ಮಾತು... ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳ ಕೆನ್ನೆ ಬಿಸಿಯಾಯಿತು. ಆದರೂ ನಗು ತಡೆದು ಕೇಳಿದಳು, "ಆಧಾರ ಎಲ್ಲಿ?"

"ಎಲ್ಲರ ಹತ್ರಾನೂ ಆಧಾರ ಕೇಳ್ತೀನಿ. ನಿಮ್ಮ ಹತ್ರಾನೂ ಎರಡು ವರ್ಷ ಕೇಳ್ದೆ. ಕೊನೆಗೊಂದು ದಿನ ಕೇಳೋದನ್ನೇ ಮರೆತು, ನೀವು ಬರ್ದಿದ್ದನ್ನ ಓದ್ದೇನೆ ಗೋಡೆಗೆ ಹಾಕಿಸ್ಬುಟ್ಟೆ." ಅವನು ತಲೆಯೆತ್ತಿದ. "ಅದು ಸಾಲದಾ?"

ಶಿಲ್ಪಶ್ರೀ ಒಂದು ಗುಟುಕು ಕಾಫಿ ಕುಡಿದಳು.

"ಹೆಂಗಿದೆ?"

"ಸಕ್ಕರೆ ಸ್ವಲ್ಪ ಜಾಸ್ತಿ."

"ಬೇರೆ ತರ್ಲಾ?"

ಅವಳು ಲೋಟವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡ... ನಂಗೆ ಇದೇ ಇರ್ಲಿ."