ಬೇಡ ಅನ್ನುವ ಪಾಠ

"ಬೇಡ!"

ಮೂರನೇ ತರಗತಿಯ ಮಕ್ಕಳೆಲ್ಲ ಅಂಗೈ ಅಡ್ಡ ಹಿಡಿದು ಒಟ್ಟಿಗೆ ಕೂಗಿದ ರಭಸಕ್ಕೆ, ಗಿಟಾರ್ ಹೊತ್ತು ಒಳಗೆ ಕಾಲಿಡುತ್ತಿದ್ದ ಹೊಸ ಸಂಗೀತ ಶಿಕ್ಷಕ ಬಾಗಿಲಲ್ಲೇ ಕಲ್ಲಾದ.

"ನಾನಿನ್ನೂ ಹಾಡೇ ಇಲ್ಲ ಮಿಸ್... ಆಗಲೇ ಬೇಡವಾ?"

ಮಕ್ಕಳ ಮುಂದೆ ನಿಂತು ಪಾಠ ಹೇಳುತ್ತಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ.

ಕಥೋಲಿಕ ಸಿಸ್ಟರ್‌ಗಳು ನಡೆಸುವ ಆ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಬದುಕಿನ ಪಾಠ ಹೇಳುವುದು ಅವಳ ಕೆಲಸ. ಕೈ ತೊಳೆಯುವುದರಿಂದ ಹಿಡಿದು, ಇಷ್ಟವಿಲ್ಲದೆ ಯಾರಾದರೂ ಮುಟ್ಟಿದರೆ ಗಟ್ಟಿಯಾಗಿ ಬೇಡ ಅನ್ನುವವರೆಗೆ.

"ಈ ದೇಹ ದೇವರು ನಿಮಗೇ ಅಂತ ಕೊಟ್ಟಿದ್ದು. ಯಾರೇ ಆಗ್ಲಿ, ಮುಟ್ಟೋಕೆ ಮುಂಚೆ ಕೇಳಬೇಕು," ಎನ್ನುತ್ತಿದ್ದಳು, ಕರಿಹಲಗೆಯ ಮೇಲಿನ ಶಿಲುಬೆಯತ್ತ ಒಮ್ಮೆ ನೋಡಿ.

ಆ ದಿನದ ನಗು ಸ್ಟಾಫ್ ರೂಮಿನ ಟೀವರೆಗೆ ಬಂತು. ಟೀ, ಬಸ್ ಸ್ಟಾಪಿನವರೆಗೆ ಜೊತೆಯಾಗಿ ನಡೆಯುವಷ್ಟು ಬೆಳೆಯಿತು.

ಒಂದು ಮಧ್ಯಾಹ್ನ, ಖಾಲಿ ಸಂಗೀತದ ಕೋಣೆಯಲ್ಲಿ ಅವಳು ಕುಸಿದುಬಿದ್ದಳು. ಕಣ್ಣು ಬಿಟ್ಟಾಗ ತಲೆಯ ಕೆಳಗೆ ಅವನ ಸ್ವೆಟರ್ ಇತ್ತು, ಪಕ್ಕದಲ್ಲಿ ಅವನಿದ್ದ. ಅಕ್ಕನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲದ ಗುಟ್ಟು!

"ಫಿಟ್ಸ್... ಚಿಕ್ಕಂದಿನಿಂದ. ಹೆಡ್ ಸಿಸ್ಟರ್‌ಗೆ ಗೊತ್ತಾದ್ರೆ ನನ್ನನ್ನ ಮಕ್ಕಳ ಹತ್ರ ಬಿಡಲ್ಲ. ಯಾರಿಗೂ ಹೇಳಲ್ಲ ಅನ್ನಿ!"

"ಹೇಳಲ್ಲ."

ಆ ಒಂದೇ ಮಾತಿಗೆ ಅವಳು ಮನಸ್ಸನ್ನೇ ಒಪ್ಪಿಸಿಬಿಟ್ಟಿದ್ದಳು.

ಇವತ್ತು ಹೆಡ್ ಸಿಸ್ಟರ್ ಕರೆಸಿದರು. ನಾಳೆ ಅವಳು ಮಕ್ಕಳನ್ನು ಈಜುಕೊಳಕ್ಕೆ ಕರೆದೊಯ್ಯಬೇಕಿತ್ತು.

"ಕೂತ್ಕೋ ಮಗಳೇ. ನಾಳೆ ಬೇರೆಯವರು ಹೋಗ್ತಾರೆ. ನಿನ್ನ ಕೆಲಸ ಎಲ್ಲೂ ಹೋಗಲ್ಲ... ಆದ್ರೆ ನೀರಿನ ಹತ್ರ ನೀನು ಬೇಡಮ್ಮ."

ಯಾರು ಹೇಳಿದರೆಂದು ಕೇಳುವ ಅಗತ್ಯವೇ ಇರಲಿಲ್ಲ.

ಪ್ರಾರ್ಥನಾಲಯದ ಮೆಟ್ಟಿಲ ಬಳಿ ಅವನು ಸಿಕ್ಕ.

"ಪಾಪನಿವೇದನೆ ಕೇಳೋ ಫಾದರ್‌ಗಿಂತ ನಿಮ್ಮನ್ನೇ ಹೆಚ್ಚು ನಂಬಿದ್ದೆ ಮೇಷ್ಟ್ರೇ!"

"ನೀರಲ್ಲಿ ಬಿದ್ದಿದ್ರೆ? ಕೈಲಿ ಒಂದು ಮಗು ಇದ್ದಿದ್ರೆ?"

"ನನ್ನನ್ನ ಒಂದು ಮಾತು ಕೇಳಬಹುದಿತ್ತು!"

"ನೀವು ಬೇಡ ಅಂತೀರಿ ಅಂತ... ಹೆದರಿದೆ."

"ಅದಕ್ಕೆ ಬೆನ್ನ ಹಿಂದೆ ಹೋದ್ರಾ?"

ಅವಳು ಸೆರಗಿನಲ್ಲಿ ಕಣ್ಣೊತ್ತಿಕೊಂಡು ತರಗತಿಗೆ ನಡೆದಳು.

ಇವತ್ತಿನ ಪಾಠವೇ ಗುಟ್ಟಿನದು. "ಹೊಟ್ಟೇಲಿ ಸಂಕಟ ಆಗೋ ಗುಟ್ಟನ್ನ ಒಳಗೇ ಇಟ್ಕೋಬಾರದು. ನಂಬಿಕೆ ಇರೋ ದೊಡ್ಡವರಿಗೆ ಹೇಳಬೇಕು..."

ಮುಂದಿನ ಬೆಂಚಿನ ಬಾಯಿಬಡಕಿ ಕೈ ಎತ್ತಿದಳು. "ಮಿಸ್, ನಿಮಗೂ ಅಂಥ ಗುಟ್ಟು ಇದ್ಯಾ?"

ಅವಳು ಸೀಮೆಸುಣ್ಣ ಕೆಳಗಿಟ್ಟಳು. 'ಇಷ್ಟು ವರ್ಷ ಇವರಿಗೆ ಹೇಳಿದ್ದನ್ನು ನಾನೇ ಮಾಡಲಿಲ್ಲ. ಹೌದು... ಆದರೆ ಹೇಳಬೇಕಾದವಳು ನಾನು, ಅವನಲ್ಲ!'

"ಇದೆ ಪುಟ್ಟಿ. ನನಗೆ ಫಿಟ್ಸ್ ಬರುತ್ತೆ. ನಾನು ಬಿದ್ರೆ ಹೆದರಬೇಡಿ. ಬಾಯಿಗೆ ಏನೂ ಹಾಕಬೇಡಿ. ಪಕ್ಕಕ್ಕೆ ಹೊರಳಿಸಿ, ದೊಡ್ಡವರನ್ನ ಕೂಗಿ."

"ಮಾಡಿ ತೋರಿಸಿ ಮಿಸ್! ಬಾಗಿಲ ಹತ್ರ ಸಂಗೀತದ ಸರ್ ನಿಂತಿದ್ದಾರೆ, ಅವರು ಬೀಳ್ಲಿ!"

ಅವನು ಒಳಗೆ ಬಂದು, ಸೀಮೆಸುಣ್ಣದ ಪುಡಿ ಬಿದ್ದ ನೆಲದ ಮೇಲೆ ಅಂಗಾತ ಮಲಗಿದ.

ಬಾಯಿಬಡಕಿ ಮಂಡಿಯೂರಿದಳು. "ಸರ್, ಮುಟ್ಟಬಹುದಾ?"

"ಪ್ರಜ್ಞೆ ಇಲ್ದೋರು ಉತ್ತರ ಕೊಡ್ತಾರೇನೇ, ಪೆದ್ದಿ!" ಪಕ್ಕದವಳು ಗದರಿದಳು.

"ಹೌದು, ಅವರನ್ನ ಕೇಳೋಕಾಗಲ್ಲ. ನೀವೇ ಹೊರಳಿಸಿ," ಎಂದಳು ಅವಳು ಮಕ್ಕಳಿಗೆ. ಕಣ್ಣು ಅವನ ಮೇಲೇ ಇತ್ತು. "ಪ್ರಜ್ಞೆ ಇರೋರನ್ನ ಮಾತ್ರ... ಕೇಳಲೇಬೇಕು."

ಅವನು ಕಣ್ಣು ಮುಚ್ಚಿಕೊಂಡ.

ಗಂಟೆ ಹೊಡೆಯಿತು. ಮಕ್ಕಳು ಹೊರಗೋಡಿದರು. ಅವನು ಎದ್ದು ನಿಂತ.

"ತಪ್ಪಾಯ್ತು ಮಿಸ್. ಹೇಳಿದ್ದಕ್ಕಲ್ಲ... ನಿಮ್ಮನ್ನ ಕೇಳದೆ ಹೇಳಿದ್ದಕ್ಕೆ. ನೀವು ಮುಖ ತಿರುಗಿಸಿದ್ರೂ ಸರಿ, ಬದುಕಿದ್ರೆ ಸಾಕು ಅನ್ನಿಸ್ತು. ಅಷ್ಟು ಪ್ರೀತಿ ನಿಮ್ಮ ಮೇಲೆ." ಅವನು ಕೈ ಚಾಚಿದ. "ಕೈ... ಹಿಡೀಬಹುದಾ?"

"ಬೇಡ."

ಅವನು ವಾದಿಸಲಿಲ್ಲ. ತಮಾಷೆಯನ್ನೂ ಮಾಡಲಿಲ್ಲ. ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡು "ಸರಿ" ಎಂದು ಬಾಗಿಲತ್ತ ತಿರುಗಿದ.

ನೋವು ಇನ್ನೂ ಹಸಿಯಾಗೇ ಇತ್ತು. ಆದರೆ ಆ 'ಸರಿ'ಗೆ ಅವಳೊಳಗೆ ಏನೋ ಕರಗಿತು.

"ಮೇಷ್ಟ್ರೇ..."

"ಹ್ಞಾಂ?"

"ಬೆನ್ನ ತುಂಬ ಸೀಮೆಸುಣ್ಣ. ಒರೆಸಬಹುದಾ?"

ಅವನ ಕಣ್ಣು ತುಂಬಿ ಬಂತು. "ಅದನ್ನೂ ಕೇಳ್ಬೇಕಾ ಮಿಸ್?"

"ಕೇಳ್ಲೇಬೇಕು."