ಅಸ್ರಾಳ ಲಾಕರಿನಲ್ಲಿ ಸಿಕ್ಕ ಎಂಡೋಸ್ಕೋಪು

"ತಪ್ಪೊಪ್ಪಿಗೆಗೆ ಸಹಿ ಹಾಕಲ್ಲ ಅಂದ್ರೆ ಹಾಕಲ್ಲ ಮೇಡಂ. ನರ್ಸ್ ಕೆಲಸ ಹೋದ್ರೂ ಸೈ, ಜೈಲಿಗೆ ಹಾಕಿದ್ರೂ ಸೈ," ಎಂದಳು ಅಸ್ರಾ. ಮುಂದಿಟ್ಟ ಕಾಫಿಯನ್ನು ಅವಳು ಮುಟ್ಟಿರಲಿಲ್ಲ.

ರಾಮನಗರದ ಐಜೂರಿನಲ್ಲಿ ನಿವೃತ್ತ ಇನ್ಸ್‌ಪೆಕ್ಟರ್ ಗಿರಿಜಾಂಬನವರ ಜಗಲಿ ಅದು. ಬೋರಲಿಂಗಯ್ಯ ಹಿಂದೆ ಅವರ ಜೀಪು ಓಡಿಸಿದವನು. ಜೀಪು ಹೋಗಿ ಸ್ಕೂಟರು ಬಂದರೂ ಅಮ್ಮಾವ್ರ ಹಿಂದೆ ಓಡಾಡುವ ಚಟ ಬಿಟ್ಟಿರಲಿಲ್ಲ. ಹುಡುಗಿಯ ಬಿಗಿದ ದವಡೆ ನೋಡಿ, ಇದು ಸುಲಭಕ್ಕೆ ಬಾಗುವ ಬಿದಿರಲ್ಲ ಅಂದುಕೊಂಡ.

ನಡೆದದ್ದನ್ನು ಅಸ್ರಾ ನಿಧಾನವಾಗಿ ಬಿಡಿಸಿ ಹೇಳಿದಳು. ಅವಳು ಕೆಲಸ ಮಾಡುವ ಖಾಸಗಿ ಆಸ್ಪತ್ರೆಗೆ ಕೋಡಿಹಳ್ಳಿಯ ಬೋರಮ್ಮ ಬಂದಿದ್ದಳು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಮೈಯೆಲ್ಲ ಅರಿಶಿನವಾಗಿತ್ತು. ಡಾಕ್ಟರ್ ಶಶಿಕಿರಣ್ ಬಾಯಿಂದ ಎಂಡೋಸ್ಕೋಪು ಇಳಿಸಿ ಕಲ್ಲು ತೆಗೆದರು. ಆದರೆ ಮಾರನೆಯ ದಿನವೇ ಚಳಿಜ್ವರ. ಹಿಂದಿನ ವಾರ ಹೀಗೇ ಸ್ಕೋಪು ಇಳಿಸಿಕೊಂಡಿದ್ದ ಸೋಲೂರಿನ ರೋಗಿಯೊಬ್ಬನ ಪಿತ್ತದ ಕೀವಿನಲ್ಲಿದ್ದ ಕ್ರಿಮಿಯೇ ಈಗ ಬೋರಮ್ಮನ ರಕ್ತದಲ್ಲೂ ಸಿಕ್ಕಿತು.

"ಅಲ್ಲಿ ಬಳಸೋದು ಒಂದೇ ಸಲಕ್ಕೆ ಎಸೆಯೋ ಸ್ಕೋಪು. ಒಬ್ಬರಿಗೆ ಇಳಿಸಿದ್ದನ್ನ ಇನ್ನೊಬ್ಬರಿಗೆ ಇಳಿಸೋ ಹಾಗಿಲ್ಲ. ಆ ದಿನ ಬಂದ ಪೊಟ್ಟಣದ ಮೇಲೆ ಕಂಪನಿ ಮುದ್ರೆ ಇರಲಿಲ್ಲ, ನಮ್ಮ ಆಸ್ಪತ್ರೆಯ ಪ್ಯಾಕಿಂಗ್ ಮಿಷನ್ನಿನ ಸೀಲು ಇತ್ತು. ಕೇಳಿದೆ. 'ಪ್ಯಾಕಿಂಗ್ ಬದಲಾಗಿರಬೇಕು, ಒಡಿ' ಅಂದ್ರು ಡಾಕ್ಟ್ರು. ಮನಸ್ಸು ತಡೀಲಿಲ್ಲ. ಮುಗಿದ ಮೇಲೆ ಆ ಸ್ಕೋಪನ್ನ ಎಸೀದೆ ಲಾಕರಿನಲ್ಲಿ ಇಟ್ಟೆ. ಜ್ವರ ಬಂದಮೇಲೆ ಮ್ಯಾನೇಜರ್ ಲಾಕರ್ ತೆಗೆಸಿದ್ರು, ಈಗ ಅದೇ ನನ್ನ ಕುತ್ತಿಗೆಗೆ ಬಂತು. ಹಳೇದನ್ನ ಕದ್ದಿಟ್ಟು ತಿರುಗಿ ಬಳಸಿದವಳು ನಾನೇ ಅಂತೆ."

"ಸ್ಕೋಪು ಇಡೋ ಸ್ಟೋರಿನ ಬೀಗದ ಕೈ ಯಾರ್‍ಯಾರ ಹತ್ರ?" ಕೇಳಿದರು ಗಿರಿಜಾಂಬ.

"ಡಾಕ್ಟ್ರು, ಮ್ಯಾನೇಜರ್ ಅನಂತರಾಜು, ನಾನು."

ಆಸ್ಪತ್ರೆಯಲ್ಲಿ ಅನಂತರಾಜು ಕಾಯಿಸಿಯೇ ಬಂದ. "ಸಾರಿ ಮೇಡಂ. ಮಾರ್ಕೆಟ್ಟಲ್ಲಿ ರೇಷ್ಮೆಗೂಡಿನ ರೇಟು ಇಳಿದೈತೆ. ಈಗ್ಲೇ ಕೊಂಡು ತುಂಬಿಸಿಟ್ರೆ ತಾನೆ ನಮ್ಮ ರೇಷ್ಮೆ ಫ್ಯಾಕ್ಟ್ರಿ ವರ್ಷವೆಲ್ಲಾ ನಡೆಯೋದು," ಎನ್ನುತ್ತ ಸ್ಕೋಪಿದ್ದ ಚೀಲವನ್ನು ಮೇಜಿನ ಮೇಲಿಟ್ಟ.

ಗಿರಿಜಾಂಬ ಚೀಲ ಬಿಚ್ಚಿ ಮೂಸಿದರು. ಬೋರಲಿಂಗಯ್ಯನ ಮೂಗಿಗೂ ಬಡಿಯಿತು. ರಾಮನಗರದಲ್ಲಿ ಹುಟ್ಟಿದವನಿಗೆ ಆ ವಾಸನೆಯ ಹೆಸರು ಹೇಳಿಕೊಡಬೇಕಿಲ್ಲ. ಗೂಡಿನೊಳಗೆ ಸತ್ತ ರೇಷ್ಮೆಹುಳದ್ದು.

"ಅದೇ ನೋಡಿ," ಎಂದ ಅನಂತರಾಜು. "ಇವಳಪ್ಪ ಸಾಬೀರ್ ನೂಲು ತೆಗೆಯೋನು. ಮನೇಗೆ ಒಯ್ದು ತೊಳೆದವ್ಳೆ. ಇನ್ನೇನು ಸಾಕ್ಷಿ ಬೇಕು?"

"ನಮ್ಮಪ್ಪನ ಹೆಸರು ಎಳೀಬೇಡಿ," ಎಂದಳು ಅಸ್ರಾ. ದನಿ ಏರಲಿಲ್ಲ, ಕಣ್ಣೂ ಇಳಿಯಲಿಲ್ಲ. ಶಶಿಕಿರಣ್ ಮಾತ್ರ ಕಿಟಕಿಯಾಚೆ ನೋಡುತ್ತಿದ್ದರು.

ಗಿರಿಜಾಂಬ ಸ್ಕೋಪಿನ ಮೈಯನ್ನು ಬೆಳಕಿಗೆ ಹಿಡಿದರು. ಕಪ್ಪು ಕೊಳವೆಯ ಒಂದು ಪಕ್ಕದಲ್ಲಿ ಜರಡಿಯ ಮೇಲೆ ಒತ್ತಿದಂಥ ಸಣ್ಣ ಚೌಕಗಳು. ಒಂದು ಕಡೆ ಚೌಕ ತಪ್ಪಿ ಗಂಟಿನಂಥ ಗುರುತು. "ಇದರಲ್ಲಿ ತೆಗೆದ ಚಿತ್ರ ಹೇಗಿತ್ತು ಡಾಕ್ಟ್ರೇ?"

"ತುಂಬ ಸ್ಪಷ್ಟವಾಗಿತ್ತು."

ಅಲ್ಲಿಂದ ಸಾಬೀರನ ಮನೆಗೆ ಹೋದರು. ಕುದಿನೀರಿನ ಬೋಗುಣಿಯಲ್ಲಿ ಗೂಡುಗಳು ಕುಣಿಯುತ್ತಿದ್ದವು.

"ನಿನ್ನೆಯ ಗೂಡು ಎಲ್ಲಿಟ್ಟಿದ್ದೀಯಪ್ಪ?"

"ನಮ್ಮಂಥೋರ ಮನೇಲಿ ನಿನ್ನೇದು ಎಲ್ಲಿರ್ತದಮ್ಮಾ. ಬೆಳಿಗ್ಗೆ ಮಾರ್ಕೆಟ್ಟಲ್ಲಿ ಕೊಂಡಿದ್ದು ಸಂಜೆಗೆ ನೂಲು. ಹುಳ ಸಾಯಾಕೆ ಬುಟ್ಟೀಲಿಟ್ಟು ಒಸಿ ಆವಿ ತೋರಿಸ್ತೀವಿ, ಅಷ್ಟೆಯಾ."

ಗಿರಿಜಾಂಬ ಹೊರಗೆ ಬಂದವರೇ, "ಮಾಗಡಿ ರಸ್ತೆ ಕಡೆ ತಿರುಗಿಸು," ಎಂದರು. "ಅನಂತರಾಜು ಫ್ಯಾಕ್ಟ್ರೀಲಿ ಗೂಡು ಒಣಗಿಸೋದನ್ನ ನೋಡಬೇಕು."

ಮಾರನೆಯ ದಿನ ಎಲ್ಲರೂ ಸೇರಿದ್ದು ಬೋರಮ್ಮನ ಮಂಚದ ಸುತ್ತ. ಅದು ಅವಳದೇ ಹಟ. "ಕಾಯ್ಲೆ ಬಿದ್ದೋಳು ನಾನು. ನನ್ ಬೆನ್ನಿಂದೆ ಏನ್ ಮಾತಾಡೀರಿ?" ಜ್ವರ ಇಳಿದಿತ್ತು, ನಾಲಗೆ ಏರಿತ್ತು. ಗಂಡ ಮರಿಯಪ್ಪ, "ಸುಮ್ನಿರಮ್ಮಿ," ಎಂದು ಹೇಳಿ ಹೇಳಿ ಸೋತಿದ್ದ.

"ಬಳಸಿದ ಸ್ಕೋಪನ್ನ ಯಾರೋ ತೊಳೆದು ಒಣಗಿಸಿದ್ದಾರೆ," ಗಿರಿಜಾಂಬ ಶುರುಮಾಡಿದರು. "ಹುಳದ ವಾಸನೆ ಸಾಬೀರನ ಮನೆ ತೋರಿಸ್ತು. ಆದರೆ ಅಲ್ಲಿರೋದು ಕುದಿನೀರು, ಆವಿ. ಆವಿಗಿಟ್ಟಿದ್ರೆ ಒಳಗಿನ ಕ್ಯಾಮೆರಾ ಮಂಜಾಗ್ತಿತ್ತು. ಚಿತ್ರ ಸ್ಪಷ್ಟವಾಗಿ ಬಂದಿದೆ. ಅಂದಮೇಲೆ ಇದು ಒಣಶಾಖ. ದಿನಾ ಕೊಂಡು ದಿನಾ ನೂಲು ತೆಗೆಯೋನಿಗೆ ಗೂಡು ಒಣಗಿಸೋ ಡ್ರೈಯರ್ ಯಾಕೆ? ಅದು ಬೇಕಾಗೋದು ಗೂಡನ್ನ ತುಂಬಿಸಿಡೋರಿಗೆ. ಬೋರಲಿಂಗಯ್ಯ, ತಾ."

ಬೋರಲಿಂಗಯ್ಯ ತಂದ ತಂತಿಜಾಲರಿಯ ತಟ್ಟೆಯ ಮೇಲೆ ಸ್ಕೋಪು ಇಟ್ಟರು. ಚೌಕಕ್ಕೆ ಚೌಕ ಕೂತಿತು. ತಂತಿ ಹರಿದು ಗಂಟು ಹಾಕಿದ ಜಾಗದಲ್ಲಿ ಗಂಟಿಗೆ ಗಂಟು ಕೂತಿತು.

"ನಿಮ್ಮ ಡ್ರೈಯರಿನ ತಟ್ಟೆ, ಅನಂತರಾಜು. ಸ್ಟೋರಿನ ಬೀಗದ ಕೈಯೂ ಈ ತಟ್ಟೆಯೂ ಎರಡೂ ಇರೋದು ನಿಮ್ಮೊಬ್ಬರ ಹತ್ರ."

ಅನಂತರಾಜು ಮುಖ ಒರೆಸಿಕೊಂಡ. "ಹೊಸ ಸ್ಟಾಕು ಬಂದಿರ್ಲಿಲ್ಲ. ರೋಗೀನ ಬೆಂಗಳೂರಿಗೆ ಕಳ್ಸಿದ್ರೆ ಆಸ್ಪತ್ರೆ ಹೆಸ್ರು ಹೋಗ್ತಿತ್ತು. ಚೆನ್ನಾಗಿ ತೊಳೆದು ಇಟ್ಟೆ. ಗೂಡೊಳಗಿನ ಹುಳಾನೇ ಸಾಯೋ ಶಾಖ, ಕಣ್ಣಿಗೆ ಕಾಣದ ಕ್ರಿಮಿ ಉಳೀತದಾ ಅನ್ಕೊಂಡೆ."

"ಉಳಿಯುತ್ತೆ," ಎಂದರು ಶಶಿಕಿರಣ್. "ತುದಿಯ ಸಂದಿಯಲ್ಲಿ ಕೀವು ಒಣಗಿ ಗಟ್ಟಿಯಾಗಿ ಕ್ರಿಮಿಗೆ ಹೊದಿಕೆಯಾಗುತ್ತೆ. ಸೀಲು ನೋಡಿಯೂ ಒಡಿ ಅಂದೆನಲ್ಲ, ಅದು ನನ್ನ ತಪ್ಪು."

ಅನಂತರಾಜು ಅಸ್ರಾಳ ಕಡೆ ತಿರುಗಿದ. "ಇಲ್ಲಿಗೆ ಬುಟ್ಬುಡವ್ವ. ನಿನ್ನನ್ನೇ ಹೆಡ್ ನರ್ಸ್ ಮಾಡಿಸ್ತೀನಿ."

"ನಡೀರಿ ಮೇಡಂ ಠಾಣೆಗೆ. ದೂರು ನಾನೇ ಕೊಡ್ತೀನಿ," ಎಂದಳು ಅಸ್ರಾ. "ಇವರು ಇನ್ನೂ ಯಾರ್‍ಯಾರ ಗಂಟಲಲ್ಲಿ ಹಳೇದು ಇಳಿಸಿದ್ರೋ, ಅದೂ ಹೊರಗೆ ಬರಲಿ. ಆಮೇಲೆ ನಾಳೆ ಡ್ಯೂಟಿಗೂ ಬರ್ತೀನಿ. ತಡೆಯೋರು ತಡೀಲಿ."

ಅನಂತರಾಜು ಡಾಕ್ಟರ ಮುಖ ನೋಡಿದ. ಡಾಕ್ಟರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

"ಲೋ ಡಾಕ್ಟ್ರಪ್ಪ," ದಿಂಬಿನಿಂದ ಬೋರಮ್ಮನ ದನಿ ಬಂತು. "ಒಳಗೆ ಅದೇನೋ ಪೈಪು ಇಟ್ಟಿದ್ದೀಯಂತಲ್ಲ, ಅದ ತೆಗೆಯಾಕೆ ಇನ್ನೊಂದ್ ಸಲ ಇಳಿಸ್ಬೇಕಂತೆ. ಈ ಮಗಿ ನನ್ ಕಣ್ ಮುಂದೆ ಹೊಸ ಪೊಟ್ಟಣ ಒಡೀದೆ ಇದ್ರೆ, ಆ ದ್ಯಾವ್ರು ಬಂದು ಕೇಳಿದ್ರೂ ನಾ ಬಾಯಿ ತೆಗೆಯಾಕಿಲ್ಲ."