ಖಾರದ ಕಣ್ಣೀರಿಗೊಂದು ಕೀವರ್ಡ್

ನಾನು ವಿಧವೆಯಾದ ಸುದ್ದಿಯನ್ನು ನನಗೆ ಮುಟ್ಟಿಸಿದವಳು ಸುಶ್ಮಿತಾ. ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ನನ್ನ ಪಕ್ಕದ ಟೇಬಲಿನವಳು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಮೊಬೈಲ್ ಹಿಡಿದುಕೊಂಡು ಬಂದಳು.

"ಸಾಜಿಯಾ, ಇಲ್ಲಿ ನೋಡ. ಅಗದಿ ನಿನ್ನಂಗ ಅದಾಳ."

ನೋಡಿದೆ. ನನ್ನಂಥವಳಲ್ಲ, ನಾನೇ! ಯಾವುದೋ ವೆಬ್‌ಸೈಟು. ಗಂಡ ಸತ್ತ ಹೆಂಗಸರ ಗೋಳಿನ ಬಗ್ಗೆ ಉದ್ದನೆಯ ಲೇಖನ, ಅದರ ನೆತ್ತಿಯ ಮೇಲೆ ನನ್ನ ಮುಖ. ಕಣ್ಣು ಕೆಂಪು, ಕೆನ್ನೆಯ ಮೇಲೆ ನೀರು, ಮೂಗಿಗೆ ದುಪಟ್ಟಾ. ಹಿಂದೆ ಮೆಣಸಿನಕಾಯಿ ರಾಶಿ.

"ಲಗ್ನನ ಆಗಿಲ್ಲ, ಗಂಡ ಯಾವಾಗ ಸತ್ತಾನ ಮಾರಾಯ್ತಿ?"

"ನಿನ್ನ ಬಾಯಾಗ ಮಣ್ಣು ಬೀಳ್ಲಿ," ಎಂದೆ. ಡಬ್ಬಿ ಮುಚ್ಚಿದೆ. ಹಸಿವು ಹಾರಿಹೋಗಿತ್ತು.

ಆ ದಿನ ನನಗೆ ನೆನಪಿತ್ತು. ನಮ್ಮೂರು ಬ್ಯಾಡಗಿ. ಸಂತೆಯ ದಿನ ಮಾರುಕಟ್ಟೆಯ ಅಂಗಳಕ್ಕೆ ಹೋಗಿದ್ದೆ, ಕಾಯಿ ಆರಿಸುವ ನಮ್ಮ ಖಾಲಾ ರಹಿಮತಬಿಗೆ ಬುತ್ತಿ ಕೊಡಲು. ಖಾಲಾ ಎಂದರೆ ಅಮ್ಮನ ತಂಗಿ. ಅಮ್ಮ ತೀರಿಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಎಂದು ಲೋಕವೆಲ್ಲ ಹೇಳುತ್ತದೆ. ಆ ಲೋಕ ಒಮ್ಮೆ ಬಂದು ಚೀಲ ಸುರಿಯುವಾಗ ಪಕ್ಕದಲ್ಲಿ ನಿಲ್ಲಲಿ, ಗೊತ್ತಾಗುತ್ತದೆ. ನಾನು ಸೀನಿ ಸೀನಿ ಸುಸ್ತಾಗಿದ್ದೆ, ಖಾಲಾ ನಕ್ಕು ನಕ್ಕು ಬಗ್ಗಿದ್ದಳು. ಆಗ ಯಾರೋ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದ.

ಫೋಟೋದ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಅವನ ಹೆಸರಿತ್ತು: ಮುಜಾಫರ, ರಾಣೆಬೆನ್ನೂರು.

ಸಂಜೆ ಕಂಪನಿ ಬಿಟ್ಟವಳೇ ಅವರಿವರನ್ನು ವಿಚಾರಿಸಿಕೊಂಡು ಸ್ಟೇಷನ್ ರಸ್ತೆಯ ಅವನ ಸ್ಟುಡಿಯೋಕ್ಕೆ ನುಗ್ಗಿದೆ. ಒಳಗೆ ತೆಳ್ಳಗಿನ ಹುಡುಗನೊಬ್ಬ ಲೆನ್ಸ್ ಒರೆಸುತ್ತಾ ಕೂತಿದ್ದ.

"ಬರ್ರಿ, ಕುಂದ್ರಿ. ಪಾಸ್‌ಪೋರ್ಟ್ ಸೈಜೋ, ಸ್ಟ್ಯಾಂಪ್ ಸೈಜೋ?"

"ವಿಧವಾ ಸೈಜು," ಎಂದು ಮೊಬೈಲನ್ನು ಅವನ ಮೂಗಿನ ಮುಂದೆ ಹಿಡಿದೆ.

ಅವನು ಫೋಟೋ ನೋಡಿದ. ನನ್ನನ್ನು ನೋಡಿದ. ಮತ್ತೆ ಫೋಟೋ ನೋಡಿದ. ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

"ಯವ್ವಾ! ನೀವ ಏನ್ರಿ ಇವ್ರು?"

"ನಾನ. ಕೇಳ್ದಂಗ ನನ್ನ ಫೋಟೋ ಯಾಕ ಮಾರಿದ್ರಿ? ಇನ್ನೂ ಹುಟ್ಟೇ ಇಲ್ಲದ ನನ್ನ ಗಂಡನ್ನ ಯಾಕ ಕೊಂದ್ರಿ?"

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಡವರಿಸುತ್ತಾ ಹೇಳಿದ. ಮದುವೆ ಫೋಟೋ ತೆಗೆಯುವುದು ಹೊಟ್ಟೆಪಾಡು. ಉಳಿದ ಹೊತ್ತಿನಲ್ಲಿ ತೆಗೆದದ್ದನ್ನು ಸ್ಟಾಕ್ ಫೋಟೋ ಮಾರುವ ಸೈಟಿಗೆ ಹಾಕುತ್ತಾನೆ. ಕೊಳ್ಳುವವರು ಅಲ್ಲಿ ಫೋಟೋ ನೋಡುತ್ತಾ ಕೂರುವುದಿಲ್ಲ, ಪದ ಟೈಪ್ ಮಾಡಿ ಹುಡುಕುತ್ತಾರೆ. ಆದ್ದರಿಂದ ಪ್ರತಿ ಫೋಟೋಕ್ಕೂ ಒಂದು ವಿವರಣೆ, ಒಂದಿಷ್ಟು ಕೀವರ್ಡ್ ಬರೆಯಬೇಕು.

"ನನಗ ಫೋಟೋ ಬರ್ತೈತ್ರಿ, ಪದ ಬರೂದಿಲ್ಲ. ಛಲೋ ಮಾರೋ ಒಂದು ಫೋಟೋ ನೋಡಿದೆ, ಅದರಾಗೂ ಹೆಂಗಸಿನ ಕಣ್ಣಾಗ ನೀರಿತ್ತು. ಅದರ ಕೀವರ್ಡ್ ಎತ್ತಿ ನಿಮ್ಮ ಫೋಟೋಕ್ಕ ಅಂಟಿಸಿಬಿಟ್ಟೆ. ದುಃಖ, ಬಡತನ, ವಿಧವೆ…"

"ಅದು ಖಾರದ ನೀರು! ಘಾಟು ಹೊಡದು ಬಂದದ್ದು! ನಾ ನಗಾಕತ್ತಿದ್ದೆ!"

ಅವನು ಫೋಟೋವನ್ನು ಹಿಗ್ಗಿಸಿ ನೋಡಿದ. ದುಪಟ್ಟಾದ ಅಂಚಿನಲ್ಲಿ ನನ್ನ ನಗುವಿನ ತುದಿ ಇತ್ತು.

"ಹೌದಲ್ರೀ," ಎಂದ ಮೆಲ್ಲಗೆ. "ನಗಾಕತ್ತೀರಿ." ಆಮೇಲೆ ಸ್ಕ್ರೀನ್ ಬಿಟ್ಟು ನನ್ನನ್ನೇ ನೋಡಿದ, ಬಹುಶಃ ಹೋಲಿಸಲು. ನಾನು ನಗಲಿಲ್ಲ.

ಫೋಟೋವನ್ನು ನನ್ನ ಕಣ್ಣೆದುರೇ ಅಳಿಸಿದ. ಕೊಂಡವರಿಗೂ ತೆಗೆಯಲು ಬರೆದ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು, ಎದ್ದು ಹೋಗಬಹುದಿತ್ತು. ಆದರೆ ಸ್ಕ್ರೀನಿನಲ್ಲಿ ಅವನ ಬೇರೆ ಫೋಟೋಗಳು ಬಂದವು. ಎಂಥ ಫೋಟೋಗಳು! ಎಂಥ ಹಾಳು ಪದಗಳು! ಐರಣಿಯ ತುಂಗಭದ್ರೆಗೆ ‘ಗಂಗಾ, ವಾರಾಣಸಿ’ ಎಂದು ಬರೆದಿದ್ದ. ಕೃಷ್ಣಮೃಗಕ್ಕೆ ‘ಕ್ರಿಸ್‌ಮಸ್, ಹಿಮ’ ಎಂದು.

"ಕೊಂಬು ಇದ್ದದ್ದೆಲ್ಲಾ ಕ್ರಿಸ್‌ಮಸ್ ಏನ್ರೀ?"

"ಅಲ್ಲೇನ್ರಿ?"

ನನಗೆ ತಡೆಯಲಾಗಲಿಲ್ಲ. ಬೀಜದ ಪೊಟ್ಟಣದ ಮೇಲಿನ ಬರಹ ಬರೆಯುವುದು ನನ್ನ ಕೆಲಸ. ಕಾಯಿಯ ಬಣ್ಣ, ಉದ್ದ, ಬಿತ್ತುವ ಹಂಗಾಮು, ಒಗ್ಗುವ ಮಣ್ಣು. ಒಂದು ಪದ ಸುಳ್ಳಾದರೆ ರೈತ ಪೊಟ್ಟಣ ಹಿಡಿದುಕೊಂಡು ಬಾಗಿಲಿಗೆ ಬರುತ್ತಾನೆ. ಕುರ್ಚಿ ಎಳೆದುಕೊಂಡು ಕೂತೆ.

"ಸರೀರಿ ಅತ್ತಾಗ. ಕೊಳ್ಳಾವ ಏನಂತ ಹುಡುಕ್ತಾನ, ಅದನ್ನ ಮೊದಲು ವಿಚಾರ ಮಾಡ್ರಿ. ‘ಸೂಪರ್’, ‘ಬ್ಯೂಟಿಫುಲ್’ ಅಂತ ಯಾರೂ ಹುಡುಕೂದಿಲ್ಲ. ಯಾರು, ಏನು, ಎಲ್ಲಿ, ಏನು ಮಾಡಾಕತ್ತಾರ, ಅದು ಮುಂದ ಇರ್ಲಿ. ಬರೇ ‘ಮೆಣಸಿನಕಾಯಿ’ ಅಂದ್ರ ಸಾವಿರ ಬರ್ತಾವ. ‘ಒಣಗಿದ, ಸುಕ್ಕುಗಟ್ಟಿದ, ಬ್ಯಾಡಗಿ’ ಅನ್ರಿ, ನಿಮ್ಮದ ಬರ್ತೈತಿ. ಇಲ್ಲದ್ದನ್ನ ಬರೀಬ್ಯಾಡ್ರಿ."

"ಇಲ್ರಿ, ಬರಿಯೂದಿಲ್ಲ," ಎಂದು ಕಿವಿ ಹಿಡಿದುಕೊಂಡ. ಆಗ ನಕ್ಕುಬಿಟ್ಟೆ. ಅದೇ ನಾನು ಮಾಡಿದ ತಪ್ಪು.

ಮರುದಿನವೂ ಹೋದೆ. ಅದರ ಮರುದಿನವೂ. ಮನೆಗೆ ಮರಳುವ ಬ್ಯಾಡಗಿಯ ರೈಲುಗಾಡಿಗೆ ಹೇಗೂ ಹೊತ್ತಿರುತ್ತದಲ್ಲ ಎಂದು ಸುಶ್ಮಿತಾಳಿಗೆ ಹೇಳಿದೆ. "ಹೊತ್ತು ಇರ್ತೈತಿ, ಮನಸೂ ಇರ್ತೈತಿ," ಎಂದು ಅವಳು ಕಣ್ಣು ಮಿಟುಕಿಸಿದಳು. ಅವಳ ಬಾಯಿ ಮುಚ್ಚಿಸುವುದು ಯಾರಿಂದಲೂ ಆಗದ ಕೆಲಸ.

ನಾನು ಹೇಳುತ್ತಿದ್ದೆ, ಅವನು ಒಂದು ಬೆರಳಿನಲ್ಲಿ ಟೈಪ್ ಮಾಡುತ್ತಿದ್ದ. ಗಂಗೆ ತುಂಗಭದ್ರೆಯಾದಳು, ಜಿಂಕೆ ಕ್ರಿಸ್‌ಮಸ್ ಬಿಟ್ಟು ರಾಣೆಬೆನ್ನೂರಿನ ಕುರುಚಲು ಕಾಡಿಗೆ ಮರಳಿತು. ಒಂದೊಂದೇ ಫೋಟೋ ಮಾರತೊಡಗಿತು. ಚಾ ತರಿಸುತ್ತಿದ್ದ. ನಾನು ಕಪ್ ಎತ್ತುವವರೆಗೂ ತನ್ನದನ್ನು ಮುಟ್ಟುತ್ತಿರಲಿಲ್ಲ. ನಾನು ಸ್ಕ್ರೀನ್ ನೋಡುವಾಗ ಅವನು ನನ್ನನ್ನು ನೋಡುತ್ತಿದ್ದ, ನಾನು ತಿರುಗಿದರೆ ಅವಸರದಲ್ಲಿ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ. ಅದು ಕಳೆದ ವರ್ಷದ ಕ್ಯಾಲೆಂಡರ್.

ಒಂದು ವಿಷಯದಲ್ಲಿ ಮಾತ್ರ ಹಟ. ಕೊಳ್ಳುವವರು ವಸ್ತುವನ್ನಷ್ಟೇ ಹುಡುಕುವುದಿಲ್ಲ, ಆಸೆ, ಒಂಟಿತನ, ಸಂತೋಷ ಎಂದೂ ಹುಡುಕುತ್ತಾರೆ. ಅಂಥ ಪದ ಬರೆಯಲು ಅವನು ಸುತರಾಂ ಒಪ್ಪುತ್ತಿರಲಿಲ್ಲ.

"ಕಂಡದ್ದು ಅಷ್ಟ ಬರೀತೇನ್ರಿ. ಮನಸಿನ ಮಾತು ಊಹಿಸಾಕ ಹೋಗಿ ಒಮ್ಮೆ ನಿಮ್ಮನ್ನ ವಿಧವಾ ಮಾಡೇನಿ. ಸಾಕು."

ಒಂದು ಸಂಜೆ ಸ್ಟೇಷನ್ ತನಕ ಬಂದ. ಬಿಸಿಲು ಹಳಿಗಳ ಮೇಲೆ ಓರೆಯಾಗಿ ಬಿದ್ದಿತ್ತು.

"ಒಂದು ತಗೀಲೇನ್ರಿ? ಮುಖ ಬರೂದಿಲ್ಲ. ಬೆನ್ನು ಅಷ್ಟ."

ಈಗ ಕೇಳಿಯೇ ತೆಗೆಯುವುದನ್ನು ಕಲಿತಿದ್ದ. ನಾನು ಗಾಡಿ ಬರುವ ದಿಕ್ಕಿಗೆ ಮುಖ ಮಾಡಿ ನಿಂತೆ. ಕ್ಲಿಕ್ ಶಬ್ದ ಬಂದಾಗ ಬೆನ್ನು ಜುಮ್ಮೆಂದಿತು. ಬೆನ್ನನ್ನು ಯಾರಾದರೂ ಇಷ್ಟು ಜೋಪಾನದಿಂದ ನೋಡಬಹುದೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಅದಕ್ಕೆ ಕೀವರ್ಡ್ ಬರೆದೆವು. ಹೆಂಗಸು, ಪ್ಲಾಟ್‌ಫಾರ್ಮ್, ಸಣ್ಣ ಊರು, ಸಂಜೆ.

"ಭಾವನಾ ಯಾವುದು ಬರಿಯೂದು?" ಎಂದೆ.

"ಬೆನ್ನಾಗ ಏನು ಕಾಣ್ತೈತ್ರಿ?"

"‘ಕಾಯುವುದು’ ಅಂತ ಬರೀರಿ."

ಅವನ ಬೆರಳು ಕೀಬೋರ್ಡಿನ ಮೇಲೆ ನಿಂತಿತು. "ಯಾರನ್ನ?"

"ಗಾಡಿನ! ಮತ್ಯಾರನ್ನ?"

ಸುಳ್ಳು ಹೇಳಿದ್ದೆ. ಗಾಡಿ ತಡವಾಗಲಿ, ಇವನು ಇನ್ನೂ ಸ್ವಲ್ಪ ಹೊತ್ತು ಹಿಂದೆ ನಿಂತಿರಲಿ ಎಂದು ನಾನು ಅಲ್ಲಾಹನನ್ನು ಬೇಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಹಾವೇರಿಯಿಂದ ಸಂಬಂಧ ಬಂತು. ಹುಡುಗ ಅಸ್ಲಮ್, ಟೈಲ್ಸ್ ಅಂಗಡಿ, ಸಂಭಾವಿತ. ಹುಡುಗನಲ್ಲಿ ಒಂದೂ ಕುಂದಿಲ್ಲ, ಅದೇ ನನ್ನ ಕಷ್ಟವಾಯಿತು. ಬೇಡ ಎನ್ನಲು ಕಾರಣ ಬೇಕಲ್ಲ? ಶುಕ್ರವಾರದೊಳಗೆ ಹುಡುಗಿಯ ಫೋಟೋ ಕಳಿಸಿ ಎಂದರು. ಫೋಟೋ ಕಳಿಸಿದರೆ ಅರ್ಧ ಮಾತು ಕೊಟ್ಟಂತೆ, ಆಮೇಲೆ ಹಿಂದೆ ಸರಿಯುವುದು ನಮ್ಮ ಮನೆತನಕ್ಕಿಲ್ಲ ಎಂದು ಅಬ್ಬಾ ಮೊದಲೇ ಹೇಳಿಬಿಟ್ಟರು. ಮುಜಾಫರ ಒಂದು ಮಾತು ಆಡಿದ್ದರೆ ನಾನೂ ಅಬ್ಬಾನ ಮುಂದೆ ಬಾಯಿ ತೆರೆಯಬಹುದಿತ್ತು. ಆಡದವನ ಹೆಸರು ಹೇಗೆ ಹೇಳಲಿ?

ನೇರ ಸ್ಟುಡಿಯೋಕ್ಕೆ ಹೋದೆ.

"ಫೋಟೋ ಬೇಕ್ರಿ. ವರನ ಕಡೆಯವ್ರಿಗೆ ಕಳಸಾಕ."

ಅವನು ಲೈಟಿನ ಕಂಬ ಸರಿಸುತ್ತಿದ್ದ. ಸರಿಸುತ್ತಲೇ ಇದ್ದ. ಬಹಳ ಹೊತ್ತಿನ ಮೇಲೆ, "ಛಲೋ ಆತ್ರಿ," ಎಂದ.

ಛಲೋ ಆತಂತೆ! ನನ್ನ ಮೈಯೆಲ್ಲ ಉರಿಯಿತು. ಸ್ಟೂಲಿನ ಮೇಲೆ ಕೂತು ಕ್ಯಾಮೆರಾವನ್ನು ದುರುಗುಟ್ಟಿ ನೋಡಿದೆ. ದುಪಟ್ಟಾದ ಮಡಿಕೆ ಸರಿಮಾಡಲು ಹತ್ತಿರ ಬಂದ. ಅವನ ಕೈ ನನ್ನ ಭುಜದ ಹತ್ತಿರ ಬಂದು ಗಾಳಿಯಲ್ಲೇ ನಿಂತಿತು.

"ನೀವ ಸರಿ ಮಾಡ್ಕೋರಿ," ಎಂದು ಹಿಂದೆ ಸರಿದ. "ಒಂಚೂರು ನಗ್ರಿ."

"ನಗು ಬರವಲ್ದು."

ಅವನು ಒತ್ತಾಯ ಮಾಡಲಿಲ್ಲ. ಗುರುವಾರ ಮಧ್ಯಾಹ್ನ ಫೋಟೋದ ಲಕೋಟೆ ಮನೆಗೆ ತಲುಪಿತು. ಅಂದು ನನಗೆ ರಜೆ. ಖಾಲಾ ಲಕೋಟೆ ಬಿಚ್ಚಿದವಳೇ ಹಣೆ ಚಚ್ಚಿಕೊಂಡಳು. ಎಲ್ಲ ಫೋಟೋದಲ್ಲೂ ನನ್ನ ಕಣ್ಣು ಮುಚ್ಚಿದ್ದವು! ಹುಡುಗಿ ಕೂತಲ್ಲೇ ನಿದ್ದೆ ಹೊಡೆಯುತ್ತಾಳೆಂದು ಹಾವೇರಿಯವರು ತಿಳಿದುಕೊಂಡರೆ ಏನು ಗತಿ ಎಂದು ಕೂಗಾಡಿದಳು. ನಾನು ಚಪ್ಪಲಿ ಮೆಟ್ಟಿ ಸ್ಟೇಷನ್ನಿಗೆ ಓಡಿದೆ.

"ಕೆಲಸ ಬರ್ತೈತೋ ಇಲ್ಲೋ ನಿಮಗ?" ಎಂದು ಲಕೋಟೆಯನ್ನು ಅವನ ಟೇಬಲಿನ ಮೇಲೆ ಒಗೆದೆ.

"ಬರ್ತೈತ್ರಿ."

"ಕಣ್ಣು ತೆರದದ್ದು ಒಂದೂ ಇರ್ಲಿಲ್ಲೇನು?"

"ಅದಾವ್ರಿ." ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದ. ಸುಳ್ಳೇಕೆ ಹೇಳಲಿ, ಅಷ್ಟು ಚಂದ ನಾನು ಕನ್ನಡಿಯಲ್ಲೂ ಕಂಡಿರಲಿಲ್ಲ. ಸಿಟ್ಟಿನಲ್ಲಿದ್ದೆ, ಕಣ್ಣು ತುಂಬಿತ್ತು, ನೇರವಾಗಿ ಅವನನ್ನೇ ನೋಡುತ್ತಿದ್ದೆ.

"ಮತ್ತ ಇದನ್ಯಾಕ ಕೊಡ್ಲಿಲ್ಲ?"

"ಕೈ ಬರ್ಲಿಲ್ರಿ. ಇದನ್ನ ನೋಡಿದ್ರ ಅವ್ರು ಹೂಂ ಅಂತಾರ."

"ಅನ್ಲಿ."

"ಅನಬಾರದ್ರಿ," ಎಂದ.

ನಾನು ಕೂತೆ.

"ಸುತ್ತು ಹೊಡದು ಹೇಳಿದ್ರ ಹುಡುಕಾವ್ರಿಗೆ ಸಿಗೂದಿಲ್ಲ ಅಂತ ಎಷ್ಟು ಸಲ ಹೇಳ್ಲಿ? ನೆಟ್ಟಗ ಹೇಳ್ರಿ."

"ತಪ್ಪಾದ್ರ?"

"ತಪ್ಪಾದ್ರ ತಿದ್ದತೇನಿ. ಇಷ್ಟು ದಿನ ಮತ್ತೇನು ಮಾಡಾಕತ್ತೇನಿ?"

ಅವನು ಕ್ಯಾಲೆಂಡರ್ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದ.

"ನನಗ ನೀವು ಬೇಕ್ರಿ. ಫೋಟೋದಾಗ ಕಾಣ್ಲಿಕ್ಕಿಲ್ಲ. ಆದ್ರ ಖರೇ ಐತಿ." ಕೀಬೋರ್ಡನ್ನು ನನ್ನ ಕಡೆ ಸರಿಸಿ, "ತಿದ್ದಬೇಕೇನ್ರಿ?" ಎಂದ.

"ಒಂದು ಪದ ತಿದ್ದಬೇಕು. ‘ನೀವು’ ಅನ್ನೂದು ಬಿಡು. ‘ನೀ’ ಅನ್ನು."

ಅವನು ಬಾಯಿ ತೆರೆದ, ಆ ಸಣ್ಣ ಪದ ಹೊರಗೆ ಬರಲಿಲ್ಲ. ಕಿವಿಯ ತನಕ ಕೆಂಪಾದ. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ನಡಿ," ಎಂದೆ. "ನಾಳೆ ಶುಕ್ರವಾರ. ನನ್ನ ಮುಂದ ಹೇಳಿದ್ದು ಸಾಲೂದಿಲ್ಲ, ಅಬ್ಬಾನ ಮುಂದ ಹೇಳಬೇಕು. ಲಗೂ."

ಗಾಡಿಯಲ್ಲಿ ಎದುರುಬದುರು ಕೂತೆವು. ಏನು ಹೇಳಬೇಕೆಂದು ಅವನು ಬ್ಯಾಡಗಿಯವರೆಗೂ ತುಟಿ ಅಲುಗಿಸುತ್ತಾ ಉರು ಹೊಡೆದ. ಮನೆತನ, ಕೆಲಸ, ನಮಾಜು, ಎಲ್ಲ.

ನಮ್ಮ ಅಬ್ಬಾ ಫಕ್ಕೀರಸಾಬ ಮಾರುಕಟ್ಟೆಯ ಹತ್ತಿರ ಗೋಣಿಚೀಲದ ಅಂಗಡಿ ಇಟ್ಟಿದ್ದಾರೆ. ನಾವು ಹೋದಾಗ ದಬ್ಬಣ ಹಿಡಿದು ಹರಿದ ಚೀಲ ಹೊಲಿಯುತ್ತಿದ್ದರು. ಎದುರಿಗೆ ನೆರಳು ಬಿದ್ದದ್ದು ಕಂಡು ತಲೆ ಎತ್ತದೆಯೇ ಕೇಳಿದರು:

"ಏನು ಬೇಕಾಗಿತ್ರಿ?"

ಉರು ಹೊಡೆದದ್ದೆಲ್ಲ ಮುಜಾಫರನಿಗೆ ಮರೆತೇಹೋಯಿತು.

"ಸಾಜಿಯಾ ಬೇಕಾಗಿತ್ರಿ," ಎಂದುಬಿಟ್ಟ.

ದಬ್ಬಣ ನಿಂತಿತು. ಅಬ್ಬಾ ತಲೆ ಎತ್ತಿ ಅವನನ್ನು ನೋಡಿದರು, ಹಿಂದೆ ನಿಂತ ನನ್ನನ್ನು ನೋಡಿದರು.

"ಯಾರ ಮಗ ನೀನು?"

"ಆಟೋ ಶಾಬುದ್ದೀನನ ಮಗ್ರಿ. ರಾಣೆಬೆನ್ನೂರು. ಫೋಟೋ ಸ್ಟುಡಿಯೋ ಐತ್ರಿ."

"ಕಣ್ಣು ಮುಚ್ಚಿದ ಫೋಟೋ ತಗದಾವ ನೀನ ಏನು?"

"ಹೌದ್ರಿ."

"ಕೆಲಸ ಬರೂದಿಲ್ಲ?"

"ಬರ್ತೈತ್ರಿ. ಬೇಕಂತನ ಮಾಡೇನ್ರಿ."

ಅಬ್ಬಾ ದಬ್ಬಣದ ನೂಲನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ನಾಳೆ ಫೋಟೋ ಹೋದರೆ ಮಾತು ಹೋದಂತೆ, ಹೋಗದಿದ್ದರೆ ಹಾವೇರಿಯವರಿಗೆ ಅವರೇ ಮುಖ ಕೊಟ್ಟು ಇಲ್ಲ ಎನ್ನಬೇಕು. ಅದನ್ನೆಲ್ಲ ತೂಗುತ್ತಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು. ಕೊನೆಗೆ ನನ್ನ ಕಡೆ ತಿರುಗಿ, ಮನೆಯಲ್ಲಿ ಆಡುವ ಉರ್ದುವಿನಲ್ಲಿ ಒಂದೇ ಮಾತು ಕೇಳಿದರು.

"ತೇರೆಕು?"

ನಿನಗೆ? ಕಂಪನಿಯ ಬೀಜಕ್ಕೆಲ್ಲ ವಿವರಣೆ ಬರೆಯುವವಳು ನಾನು, ಇಲ್ಲಿ ಒಂದೇ ಪದ ಸಾಕಾಯಿತು. ನೆಲ ನೋಡುತ್ತಾ ಹೇಳಿದೆ.

"ಹೋನಾ, ಅಬ್ಬಾ."

ಬೇಕು ಎಂದೆ, ಅಷ್ಟೇ. ಅಬ್ಬಾ ದಬ್ಬಣವನ್ನು ಚೀಲಕ್ಕೆ ಚುಚ್ಚಿ ಪಕ್ಕಕ್ಕಿಟ್ಟರು. ಅಂಗಡಿಗೆ ಬಂದವರು ಯಾವ ಜಾತಿಯವರೇ ಇರಲಿ, ಅವರೊಡನೆ ಕನ್ನಡದಲ್ಲೇ ಮಾತಾಡುವುದು ಅವರ ರೂಢಿ, ಉರ್ದು ಮನೆಯವರಿಗೆ ಮಾತ್ರ. ಅವರು ಹೊಲಿದಿಟ್ಟ ಚೀಲಗಳ ಮೇಲೆ ಕೈಯಾಡಿಸಿ ಜಾಗ ಮಾಡಿ, ಬೆವೆತು ನಿಂತಿದ್ದ ಮುಜಾಫರನಿಗೆ ಹೇಳಿದರು:

"ಬೈಠೋ ಬೇಟಾ."